ಕಿವಿ ಇಲ್ಲದ ಹುಲ್ಲು

ಅಳಿಯಾ, ಮೊನ್ನೆ ನೀನು ಗೊಬ್ಬರದ ಅಂಗಡಿ ಕಟ್ಟೆಯ ಮೇಲೆ ನಿಂತು ಫೋನ್ ಮಾಡಿ, "ಮಾವ, ಗದ್ದೆ ತುಂಬ ಹುಲ್ಲು ಬಂದೈತಿ, ಯಾವ ಎಣ್ಣೆ ಹೊಡೀಲಿ?" ಅಂತ ಕೇಳಿದೆ. ನಾನು ಎಣ್ಣೆಯ ಹೆಸರು ಹೇಳಲಿಲ್ಲ, "ಮೊದಲು ಅಂಗಡಿಯಿಂದ ಹೊರಗೆ ಬಾ" ಅಂದೆ. ನಿನಗೆ ಬೇಜಾರಾಗಿರಬೇಕು. ರಾತ್ರಿ ನಿಮ್ಮವ್ವ ಫೋನ್ ಮಾಡಿ, "ಹುಡುಗ ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಾನೆ, ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಅಂತ ನನ್ನನ್ನೇ ತರಾಟೆಗೆ ತಗೊಂಡಳು. ಅವಳು ಬೈದದ್ದು ಸರಿಯೇ. ಆದರೆ ಒಂದು ಮಾತಿನಲ್ಲಿ ಮುಗಿಯುವ ಸಂಗತಿ ಇದಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ, ನಿಧಾನವಾಗಿ ಓದು. ನೀನು ಬಿತ್ತಿ ಇವತ್ತಿಗೆ 14 ದಿನ. ಇನ್ನೂ ಕೈ ಮೀರಿಲ್ಲ.

ಯಾವ ಎಣ್ಣೆ ಅಂತ ಕೇಳುವ ಮೊದಲು ಮೂರು ಸಂಗತಿ ಗೊತ್ತಿರಬೇಕಿತ್ತು. ಬಂದಿರುವುದು ಯಾವ ಹುಲ್ಲು? ಅದಕ್ಕೆ ಎಷ್ಟು ಎಲೆ ಆಗಿದೆ? ಗದ್ದೆಯಲ್ಲಿ ನೀರು ಎಷ್ಟಿದೆ? ಈ ಮೂರನ್ನೂ ಹೇಳದೆ ಅಂಗಡಿಯವನನ್ನು ಕೇಳಿದರೆ ಅವನೇನು ಮಾಡುತ್ತಾನೆ, ಕೈಗೆ ಸಿಕ್ಕ ಡಬ್ಬ ತೆಗೆದು ಕೊಡುತ್ತಾನೆ. ಅವನನ್ನು ಬೈದು ಪ್ರಯೋಜನವಿಲ್ಲ. ಹೊಟ್ಟೆನೋವು ಅಂದವನಿಗೆ ಮೆಡಿಕಲ್ ಶಾಪಿನವನು ಗುಳಿಗೆ ಕೊಡುವ ಹಾಗೆಯೇ ಇದೂ.

ನಾನು ಕೃಷಿ ಪದವಿ ಓದಿದವನಲ್ಲ. ಭದ್ರಾ ನಾಲೆಯ ನೀರು ನಂಬಿ ನಲವತ್ತು ವರ್ಷ ಕೆಸರು ತುಳಿದಿದ್ದೇನೆ, ಅಷ್ಟೇ. ಅಣೆಕಟ್ಟೆಯಲ್ಲಿ ನೀರು 186 ಅಡಿ ತಲುಪಿತು ಅಂದರೆ ನಮ್ಮ ಊರಲ್ಲಿ ಈಗಲೂ ಹಬ್ಬದ ಕಳೆ ಬರುತ್ತದೆ. ಆ ಕಳೆ ಬೇರೆ, ಈಗ ನಿನ್ನ ಗದ್ದೆಯಲ್ಲಿ ಎದ್ದಿರುವ ಕಳೆ ಬೇರೆ.

ನಮ್ಮಪ್ಪನ ಕಾಲದಲ್ಲಿ ಈ ಹುಲ್ಲು ಇರಲಿಲ್ಲ ಅಂತಲ್ಲ. ಆಗ ನಾಟಿ ಇತ್ತು. ಮೂರು ವಾರದ ಸಸಿಯನ್ನು ಒಟ್ಟಲಿನಿಂದ ಕಿತ್ತು ತಂದು ಕೆಸರಿಗೆ ಊರಿ, ಮೇಲೆ ಎರಡು ಇಂಚು ನೀರು ನಿಲ್ಲಿಸಿದರೆ ಭತ್ತ ಮೂರು ವಾರ ಮುಂದೆ ಓಡಿದ ಹಾಗೆ. ಹುಲ್ಲಿನ ಬೀಜಕ್ಕೆ ನೀರಿನ ಕೆಳಗೆ ಉಸಿರು ಸಿಗುತ್ತಿರಲಿಲ್ಲ. ಅದೂ ಮೀರಿ ಬಂದದ್ದನ್ನು ಹೆಣ್ಣಾಳುಗಳು ಸಾಲಾಗಿ ಬಗ್ಗಿ ಕೀಳುತ್ತಿದ್ದರು. ಈಗ ನಾಟಿಗೆ ಆಳು ಸಿಗುವುದಿಲ್ಲ ಅಂತ ನೀನು ಮೊಳಕೆ ಭತ್ತವನ್ನು ಡ್ರಮ್ ಸೀಡರಿನಲ್ಲಿ ಎಳೆದೆ. ತಪ್ಪಲ್ಲ, ನಾನೂ ಎರಡು ಎಕರೆಗೆ ಹಾಗೇ ಮಾಡಿದ್ದೇನೆ. ಆದರೆ ಅದರ ಲೆಕ್ಕ ತಿಳಿದಿರಬೇಕು. ಬಿತ್ತಿದ ಭತ್ತವೂ ಹುಲ್ಲೂ ಒಂದೇ ದಿನ ಹುಟ್ಟಿದ ಜೋಡಿ. ಮೊದಲ ದಿನಗಳಲ್ಲಿ ನೀರು ನಿಲ್ಲಿಸುವ ಹಾಗಿಲ್ಲ, ನಿಲ್ಲಿಸಿದರೆ ಮೊಳಕೆಯೇ ಕೊಳೆಯುತ್ತದೆ. ನಾಟಿ ಉಳಿಸಿದ ದುಡ್ಡಿನಲ್ಲಿ ಒಂದು ಪಾಲು ಹುಲ್ಲಿಗೆ ಎತ್ತಿಡಲೇಬೇಕು. ನೀನು ಎತ್ತಿಡಲಿಲ್ಲ. ಬಿತ್ತಿದ ನಾಲ್ಕೈದು ದಿನದೊಳಗೆ ಬೀಳಬೇಕಾಗಿದ್ದ ಮೊದಲ ಎಣ್ಣೆಯನ್ನು "ಹುಲ್ಲೇ ಕಾಣ್ತಿಲ್ಲ, ಯಾಕೆ ಸುಮ್ನೆ" ಅಂತ ಬಿಟ್ಟೆ. ಕಾಣುವ ಮುಂಚೆ ಹೊಡೆಯುವುದೇ ಆ ಎಣ್ಣೆಯ ಕೆಲಸ.

ಅದು ಹೋಗಲಿ. ಈಗ ಗದ್ದೆಗೆ ಇಳಿ. ಪ್ಯಾಂಟು ಮಡಚು.

ಭತ್ತದ ಸಸಿ ಒಂದನ್ನು ಕಿತ್ತು ಕೈಯಲ್ಲಿ ಹಿಡಿ. ಎಲೆ ದಂಟಿಗೆ ಸೇರುವ ಕಡೆ ಸ್ವಲ್ಪ ಬಗ್ಗಿಸಿ ನೋಡು. ಅಲ್ಲಿ ತೆಳ್ಳನೆ ಬಿಳಿ ಪೊರೆ ಕಾಣುತ್ತದೆ. ಅದರ ಎರಡು ಪಕ್ಕದಲ್ಲಿ ಕುಡುಗೋಲಿನ ಹಾಗೆ ಬಾಗಿದ, ಸಣ್ಣ ಕೂದಲಿರುವ ಎರಡು ಕಿವಿ. ಈಗ ಪಕ್ಕದಲ್ಲಿರುವ, ಭತ್ತದ ಹಾಗೇ ಕಾಣುವ ಇನ್ನೊಂದನ್ನು ಕೀಳು. ಅದೇ ಜಾಗದಲ್ಲಿ ಪೊರೆಯೂ ಇಲ್ಲ, ಕಿವಿಯೂ ಇಲ್ಲ, ಬೋಳು. ಅದೇ ನಿನ್ನ ಶತ್ರು. ಪುಸ್ತಕದಲ್ಲಿ ಎಕಿನೊಕ್ಲೋವ ಅಂತ ಬರೆದಿರುತ್ತಾರೆ, ನಾನು ಅದನ್ನು ಕಿವಿ ಇಲ್ಲದ ಹುಲ್ಲು ಅಂತಲೇ ಕರೆಯುವುದು. ಅದರಲ್ಲಿ ಎರಡು ಜಾತಿ ನಮ್ಮ ಕಡೆ ಜೋರು. ಒಂದು ಗಿಡ್ಡ, ಕೆಲವೊಮ್ಮೆ ಎಲೆಯ ಅಡ್ಡಕ್ಕೆ ನೇರಳೆ ಪಟ್ಟಿ ಇರುತ್ತದೆ. ಇನ್ನೊಂದು ಭತ್ತಕ್ಕಿಂತ ಎತ್ತರ ಬೆಳೆದು ತೆನೆ ತೂಗುವ ಧಿಮಾಕಿನದು. ನಾಟಿ ಮಾಡುವ ಹೆಣ್ಣುಮಕ್ಕಳು ಇದನ್ನು ಸಸಿ ಅಂತಲೇ ತಿಳಿದು ಊರಿಬಿಡುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಷ್ಟು ಹೋಲಿಕೆ.

ದಂಟನ್ನು ಬೆರಳ ನಡುವೆ ಉರುಳಿಸಿ ನೋಡು. ಮೂರು ಮೂಲೆ ಹತ್ತಿದರೆ ಅದು ಹುಲ್ಲಲ್ಲ, ಜೇಕಿನ ಜಾತಿ. ಅದರ ಮದ್ದೇ ಬೇರೆ. ಇನ್ನೊಂದು ಹುಲ್ಲಿದೆ, ತೆಳ್ಳಗೆ ಮೇಲೆದ್ದು ಎಳೆ ಎಳೆಯಾಗಿ ಕೆಂಪು ಛಾಯೆಯ ತೆನೆ ಬಿಡುವುದು. ಲೆಪ್ಟೊಕ್ಲೋವ ಅನ್ನುತ್ತಾರೆ. ಅದರಲ್ಲಿ ಪೊರೆ ಇರುತ್ತದೆ, ಕಿವಿ ಇರುವುದಿಲ್ಲ. ಇದನ್ನು ಚೆನ್ನಾಗಿ ನೆನಪಿಟ್ಟುಕೋ, ಮುಂದೆ ಇದರ ಮಾತು ಬರುತ್ತದೆ.

ಕಿವಿಯೂ ಇದೆ, ಪೊರೆಯೂ ಇದೆ, ಆದರೂ ಭತ್ತ ಅಲ್ಲ ಅನ್ನುವಂಥದ್ದು ಒಂದಿದೆ: ಕಾಡುಭತ್ತ. ಅದು ಭತ್ತದ ಅಣ್ಣತಮ್ಮನೇ. ಸಸಿಯಾಗಿದ್ದಾಗ ಗುರುತು ಸಿಗುವುದಿಲ್ಲ. ತೆನೆ ಬಂದಾಗ ಮೀಸೆ, ಕೆಂಪು ಅಕ್ಕಿ, ಮುಟ್ಟಿದರೆ ಉದುರುವ ಕಾಳು. ಭತ್ತವನ್ನು ಉಳಿಸಿ ಅದನ್ನಷ್ಟೇ ಕೊಲ್ಲುವ ಎಣ್ಣೆ ನಿನ್ನ ಸೋನಾ ಮಸೂರಿಗೆ ಇಲ್ಲ. ಇದೆ ಅಂತ ಯಾರಾದರೂ ಡಬ್ಬ ಕೊಟ್ಟರೆ ದುಡ್ಡು ಕೊಡಬೇಡ. 2021ರಲ್ಲಿ ದೆಹಲಿಯ ಪೂಸಾ ಸಂಸ್ಥೆಯವರು ಇಮಾಜೆಥಪೈರ್ ಎಂಬ ಕಳೆನಾಶಕ ತಡೆಯುವ ಎರಡು ಬಾಸ್ಮತಿ ತಳಿ ಬಿಟ್ಟರು, ನಿಜ. ಅದು ಉತ್ತರದವರ ಬಾಸ್ಮತಿಯ ಮಾತು. ಅಲ್ಲೂ ಭತ್ತದ ಗುಣ ಪರಾಗದ ಮೂಲಕ ಕಾಡುಭತ್ತಕ್ಕೆ ದಾಟಿದರೆ ಏನು ಗತಿ ಎಂಬ ಪ್ರಶ್ನೆ ಇದ್ದೇ ಇದೆ. ಅಮೆರಿಕದಲ್ಲಿ ಇಂಥದ್ದೇ ತಳಿ ಬೆಳೆದ ಗದ್ದೆಗಳಲ್ಲಿ ಅದು ದಾಟಿಯೂ ಆಗಿದೆ. ಕಾಡುಭತ್ತಕ್ಕೆ ಮದ್ದು ಅಂದರೆ ಶುದ್ಧ ಬಿತ್ತನೆ ಬೀಜ ಮತ್ತು ಬಗ್ಗುವ ಬೆನ್ನು.

ಇನ್ನು ವಯಸ್ಸು. ದಿನ ಎಣಿಸಬೇಡ, ಎಲೆ ಎಣಿಸು. ಡಬ್ಬದ ಚೀಟಿಯಲ್ಲಿ 15ರಿಂದ 25 ದಿನ ಅಂತ ಬರೆದಿರುತ್ತದೆ. ಬಿಸಿಲಿರುವಾಗ ಹುಲ್ಲು ಓಡುತ್ತದೆ, ಚಳಿಯಲ್ಲಿ ಕೂತಿರುತ್ತದೆ, ಆದ್ದರಿಂದ ಒಂದೇ ದಿನಕ್ಕೆ ಎರಡು ಗದ್ದೆಯ ಹುಲ್ಲು ಒಂದೇ ಪ್ರಾಯದ್ದಾಗಿರುವುದಿಲ್ಲ. ಎರಡು ಎಲೆ ಬಿಚ್ಚಿ ಮೂರನೆಯದು ಇಣುಕುವಾಗ ಹೊಡೆದರೆ ಚೀಟಿಯಲ್ಲಿ ಹೇಳಿದ ಪ್ರಮಾಣ ಸಾಕು. ನಾಲ್ಕಕ್ಕೂ ನಡೆಯುತ್ತದೆ. ಬುಡದಲ್ಲಿ ಮರಿ ಒಡೆಯಿತು ಅಂದರೆ ಆಟ ಮುಗಿಯಿತು ಅಂತ ತಿಳಿ.

ನಾನು ಒಂದು ಬೇಸಿಗೆ ಬೆಳೆಯಲ್ಲಿ ಇದನ್ನು ಕಲಿತದ್ದು. ತಂಗಿಯ ಮದುವೆ ಓಡಾಟ. ಗದ್ದೆ ಕಡೆ ಹೋದಾಗ ಬಿತ್ತಿ 38 ದಿನ ಆಗಿತ್ತು. ಹುಲ್ಲು ಮೊಣಕಾಲು ಮುಟ್ಟಿತ್ತು. ಎಣ್ಣೆ ಎರಡರಷ್ಟು ಹಾಕಿದರೆ ಸರಿ ಹೋಗುತ್ತದೆ ಅಂದುಕೊಂಡು ಹೊಡೆದೆ. ಹುಲ್ಲು ಹಳದಿಯಾಯಿತು, ನಾನು ಹಿಗ್ಗಿದೆ. ಭತ್ತವೂ ಹಳದಿಯಾಯಿತು, ಸುಮ್ಮನಾದೆ. ಇಪ್ಪತ್ತು ದಿನಕ್ಕೆ ಹುಲ್ಲು ಬುಡದಿಂದ ಮತ್ತೆ ಚಿಗುರಿ ಭತ್ತದ ನೆತ್ತಿಯ ಮೇಲೆ ತೆನೆ ಬಿಟ್ಟು ನಿಂತಿತು. ಆ ವರ್ಷ ಮಿಷನ್ನಿನವನು ಕಟಾವಿಗೆ ಬಂದು, "ಗೌಡ್ರೇ, ಭತ್ತ ಕೊಯ್ಯೋದೋ, ಹುಲ್ಲು ಕೊಯ್ಯೋದೋ?" ಅಂತ ಕೇಳಿದ್ದ. ನಿಮ್ಮವ್ವನನ್ನು ಕೇಳು, ಆ ಮಾತು ಹೇಳಿ ಈಗಲೂ ನನ್ನನ್ನು ಆಡಿಕೊಳ್ಳುತ್ತಾಳೆ.

ಎಣ್ಣೆಗಳ ಮಾತಿಗೆ ಬರೋಣ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಕಂಪನಿ ಇಟ್ಟ ಹೆಸರು ಇರುತ್ತದೆ. ಅದನ್ನು ಬಿಡು. ಕೆಳಗೆ ಸಣ್ಣಕ್ಷರದಲ್ಲಿ ಮದ್ದಿನ ನಿಜವಾದ ಹೆಸರಿರುತ್ತದೆ, ಅದನ್ನು ಓದು. ಮೊಳೆಯುವ ಮುಂಚೆ ಹಾಕುವವು ಒಂದು ಗುಂಪು. ನಾಟಿ ಗದ್ದೆಗೆ ಬ್ಯೂಟಾಕ್ಲೋರ್, ಪ್ರೆಟಿಲಾಕ್ಲೋರ್. ಕೂರಿಗೆಯಲ್ಲಿ ಒಣ ಬಿತ್ತನೆ ಮಾಡಿದವರಿಗೆ ಪೆಂಡಿಮೆಥಾಲಿನ್. ನಿನ್ನ ಹಾಗೆ ಮೊಳಕೆ ಬಿತ್ತಿದವರು ಪ್ರೆಟಿಲಾಕ್ಲೋರ್ ತಗೊಂಡರೆ, ಭತ್ತದ ಮೊಳಕೆಯನ್ನು ಕಾಯುವ ರಕ್ಷಕ ಬೆರೆಸಿದ್ದನ್ನೇ ಕೇಳಿ ತಗೋಬೇಕು. ನಾಟಿಗೆ ಮಾರುವ ಬರೀ ಪ್ರೆಟಿಲಾಕ್ಲೋರ್ ತಂದು ಮೊಳಕೆಯನ್ನೇ ಸುಟ್ಟುಕೊಂಡವರು ಇದ್ದಾರೆ. ಈ ಎಣ್ಣೆಗಳು ಮಣ್ಣಿನ ಮೇಲೆ ಒಂದು ಪದರದ ಹಾಗೆ ಕೂರುತ್ತವೆ. ಹುಲ್ಲಿನ ಮೊಳಕೆ ಆ ಪದರ ತೂರಿ ಮೇಲೆ ಬರುವಾಗ ಸಾಯುತ್ತದೆ. ಹಾಗಾಗಿ ಹಾಕಿದ ಮೇಲೆ ಗದ್ದೆಯಲ್ಲಿ ಓಡಾಡಿ ಅದನ್ನು ಕಲಕಬಾರದು, ಮಣ್ಣು ಬಿರುಕು ಬಿಡುವ ಹಾಗೆ ಒಣಗಿಸಬಾರದು. ಮುಂದಿನ ಬೆಳೆಗೆ ಮರೆಯಬೇಡ.

ನಿನಗೆ ಈಗ ಬೇಕಾಗಿರುವುದು ಹುಲ್ಲು ಬಂದ ಮೇಲೆ ಹೊಡೆಯುವಂಥದ್ದು. ಹೆಚ್ಚು ಮಾರುವುದು ಬಿಸ್ಪೈರಿಬ್ಯಾಕ್ ಸೋಡಿಯಂ. ನೂರಕ್ಕೆ 10ರ ದ್ರಾವಣ ಆದರೆ ಎಕರೆಗೆ 80ರಿಂದ 100 ಮಿಲಿ. ಕಿವಿ ಇಲ್ಲದ ಹುಲ್ಲಿಗೆ ಒಳ್ಳೆಯ ಮದ್ದು, ಕೆಲವು ಜೇಕಿಗೂ ಅಗಲ ಎಲೆಗೂ ಆಗುತ್ತದೆ. ಆದರೆ ಆ ಕೆಂಪು ತೆನೆಯ ಲೆಪ್ಟೊಕ್ಲೋವ ಇದಕ್ಕೆ ಜಗ್ಗುವುದಿಲ್ಲ. ಅದಕ್ಕೆ ಸೈಹಲೋಫಾಪ್ ಬ್ಯುಟೈಲ್ ಬೇಕು. ಸೈಹಲೋಫಾಪ್ ಹುಲ್ಲನ್ನು ಮಾತ್ರ ಕೊಲ್ಲುತ್ತದೆ, ಜೇಕನ್ನೂ ಅಗಲ ಎಲೆಯನ್ನೂ ಮುಟ್ಟುವುದಿಲ್ಲ. ಹಾಗಂತ ಅದೇ ಟ್ಯಾಂಕಿಗೆ 2,4-ಡಿ ಬೆರೆಸಿ ಒಂದೇ ಏಟಿಗೆ ಎರಡೂ ಮುಗಿಸುತ್ತೇನೆ ಅಂದುಕೊಳ್ಳಬೇಡ. ಎರಡೂ ಸೇರಿದರೆ ಹುಲ್ಲು ಕೊಲ್ಲುವ ಬಲ ಕುಗ್ಗುತ್ತದೆ. ಹುಳದ ಎಣ್ಣೆ, ಕರಗುವ ಗೊಬ್ಬರ, ಎಲ್ಲ ಸೇರಿಸಿ ಸಾಂಬಾರು ಮಾಡಿ ಹೊಡೆಯುವವರ ಮಾತು ಕೇಳಲೇಬೇಡ.

ಹೊಡೆಯುವ ಹಿಂದಿನ ದಿನ ಗದ್ದೆಯ ನೀರು ಬಸಿದುಬಿಡು. ಹುಲ್ಲಿನ ಮೈ ನೀರಿನಿಂದ ಮೇಲಿರಬೇಕು, ಮಣ್ಣು ಮಾತ್ರ ಹಸಿ ಇರಬೇಕು. ನೀರಲ್ಲಿ ಮುಳುಗಿದ ಎಲೆಗೆ ಎಣ್ಣೆ ತಾಗುವುದಿಲ್ಲ, ಬಾಯಾರಿ ಸುರುಳಿದ ಎಲೆ ಕುಡಿಯುವುದಿಲ್ಲ. ಹೊಡೆದ ಎರಡು ಮೂರು ದಿನದೊಳಗೆ ನೀರು ಕಟ್ಟಿ ಒಂದು ವಾರವಾದರೂ ನಿಲ್ಲಿಸು. ನಿನ್ನದು ನಾಲೆಯ ಕೊನೇ ಭಾಗ, ಅಲ್ಲವಾ? ಹಾಗಾದರೆ ನಿನ್ನ ತೂಬಿಗೆ ನೀರು ಯಾವಾಗ ಬರುತ್ತದೆ ಅಂತ ತಿಳಿದುಕೊಂಡೇ ಎಣ್ಣೆಯ ದಿನ ಗೊತ್ತು ಮಾಡು. ಎಣ್ಣೆ ಹೊಡೆದು ನೀರಿಗೆ ಹತ್ತು ದಿನ ಕಾದರೆ ಎರಡನೇ ಬ್ಯಾಚ್ ಹುಲ್ಲು ಎದ್ದು ನಿನಗೆ ನಮಸ್ಕಾರ ಹೇಳುತ್ತದೆ.

ಮೂರನೇ ದಿನಕ್ಕೆ ಹೋಗಿ, ಹುಲ್ಲು ಇನ್ನೂ ಹಸಿರಾಗೇ ಇದೆ ಅಂತ ಮತ್ತೆ ಹೊಡೆಯುವವರೇ ಜಾಸ್ತಿ. ಬಿಸ್ಪೈರಿಬ್ಯಾಕ್ ನಿಧಾನದ ಮದ್ದು. ಬೆಳವಣಿಗೆ ಬೇಗ ನಿಲ್ಲುತ್ತದೆ, ಪೂರ್ತಿ ಸಾಯಲು ಎರಡು ವಾರ ತಗೊಳ್ಳಬಹುದು. ನಡುವೆ ಭತ್ತವೂ ಕೊಂಚ ಹಳದಿ ತಿರುಗಿ ಸುಧಾರಿಸಿಕೊಳ್ಳುತ್ತದೆ, ಗಾಬರಿಯಾಗಿ ಯೂರಿಯಾ ಸುರಿಯಬೇಡ. ಸೈಹಲೋಫಾಪ್ ಹೊಡೆದಿದ್ದರೆ ಹುಲ್ಲಿನ ಸುಳಿ ಹಿಡಿದು ಎಳೆದು ನೋಡು. ಬುಡ ಕೊಳೆತು ಸುಳಿ ಸಲೀಸಾಗಿ ಕೈಗೆ ಬಂದರೆ ಕೆಲಸ ಆಗಿದೆ ಅಂತ ಅರ್ಥ.

ಈಗ ಲೆಕ್ಕ. ಇಂಜಿನಿಯರ್ ನೀನು, ನನಗಿಂತ ಚೆನ್ನಾಗಿ ಮಾಡುತ್ತೀ. ಎಕರೆಗೆ 100 ಮಿಲಿ ಅಂತ ಗೊತ್ತು. ಟ್ಯಾಂಕಿಗೆ ಎಷ್ಟು? ನಮ್ಮೂರಲ್ಲಿ ಎಲ್ಲರೂ "ಒಂದು ಮುಚ್ಚಳ" ಅನ್ನುತ್ತಾರೆ. ಯಾರ ಮುಚ್ಚಳ, ಎಷ್ಟು ಟ್ಯಾಂಕು, ಕೇಳುವ ಹಾಗಿಲ್ಲ. ನೀನು ಹೀಗೆ ಮಾಡು. 33 ಅಡಿಗೆ 33 ಅಡಿ ಹಗ್ಗ ಹಿಡಿದು ಒಂದು ಗುಂಟೆ ಅಳೆ. ಟ್ಯಾಂಕಿಗೆ ಬರೀ ನೀರು ತುಂಬಿ, ಎಣ್ಣೆ ಹೊಡೆಯುವ ನಡಿಗೆಯಲ್ಲೇ ಆ ಗುಂಟೆಗೆ ಹೊಡೆ. ಎಷ್ಟು ಖರ್ಚಾಯಿತು ನೋಡು. 4 ಲೀಟರ್ ಆಯಿತು ಅಂದರೆ 40 ಗುಂಟೆಗೆ 160 ಲೀಟರ್, 16 ಲೀಟರಿನ ಟ್ಯಾಂಕು ಹತ್ತು. ಹಾಗಾದರೆ ಟ್ಯಾಂಕಿಗೆ 10 ಮಿಲಿ. ಅದೇ 2 ಲೀಟರಿನಲ್ಲಿ ಗುಂಟೆ ಮುಗಿದುಹೋದರೆ ನೀನು ಓಡುತ್ತಿದ್ದೀಯ ಅಂತ ಅರ್ಥ, ನಿಧಾನ ಮಾಡು. ಆಳಿನ ಕೈಯಲ್ಲಿ ಹೊಡೆಸುವುದಾದರೆ ಅವನ ನಡಿಗೆಯಲ್ಲೇ ಅಳೆ. ನಾನು ನಡೆಯುವುದು ಬೇರೆ, ಟ್ಯಾಂಕಿಗೆ ಇಷ್ಟು ಅಂತ ಗುತ್ತಿಗೆ ಹಿಡಿದವನು ನಡೆಯುವುದು ಬೇರೆ.

ಹುಳಕ್ಕೆ ಹೊಡೆಯುವ ನಾಜಲ್ಲು ಮಂಜಿನ ಹಾಗೆ ಸುತ್ತ ಹಾರಿಸುತ್ತದೆ. ಕಳೆಗೆ ಆ ನಾಜಲ್ಲು ಬೇಡ, ಬೀಸಣಿಗೆಯ ಹಾಗೆ ಚಪ್ಪಟೆಯಾಗಿ ಬೀಳುವುದನ್ನು ಹಾಕು. ಕಡ್ಡಿಯನ್ನು ಎಡಕ್ಕೆ ಬಲಕ್ಕೆ ಬೀಸಬೇಡ, ಒಂದೇ ಎತ್ತರದಲ್ಲಿ ಹಿಡಿದು ನೇರ ನಡೆ. ಬೀಸಿದರೆ ಅಲ್ಲಲ್ಲಿ ಪಟ್ಟೆ ಪಟ್ಟೆ ಹುಲ್ಲು ಉಳಿಯುತ್ತದೆ. ಆಮೇಲೆ ಎಣ್ಣೆ ನಕಲಿ ಅಂತ ಅಂಗಡಿಯವನ ಜೊತೆ ಜಗಳ.

ಟ್ಯಾಂಕು ತೊಳೆಯುವ ವಿಷಯದಲ್ಲಿ ನನ್ನ ಮರ್ಯಾದೆ ಹೋದ ಕತೆ ನಿನಗೆ ಗೊತ್ತಿಲ್ಲ. ಜೋಳದ ಹೊಲದ ಅಗಲ ಎಲೆಯ ಕಳೆಗೆ 2,4-ಡಿ ಹೊಡೆದ ಟ್ಯಾಂಕನ್ನು ಬರೀ ನೀರಲ್ಲಿ ಒಮ್ಮೆ ಕುಲುಕಿ ಚೆಲ್ಲಿ, ಮಾರನೇ ವಾರ ಅದರಲ್ಲೇ ಹತ್ತಿಗೆ ಹುಳದ ಎಣ್ಣೆ ಹೊಡೆದೆ. ಹತ್ತಿಗೆ 2,4-ಡಿ ಅಂದರೆ ಹಾವಿನ ವಿಷ. ಎಂಟೇ ದಿನಕ್ಕೆ ಹೊಸ ಎಲೆಗಳೆಲ್ಲ ಸೀಳಿ ಬೆರಳಿನ ಹಾಗೆ ಕಿರಿದಾದವು. ರೋಗ ಬಂತು ಅಂತ ನಾನು ಊರಿಗೆಲ್ಲ ತೋರಿಸಿಕೊಂಡು ಬಂದೆ. ಒಬ್ಬ ಹಿರಿಯರು ನೋಡಿ, "ರೋಗ ನಿನ್ನ ಟ್ಯಾಂಕಿನೊಳಗೈತೆ" ಅಂದರು. ಅಂದಿನಿಂದ ಕಳೆಗೆ ಬೇರೆ ಟ್ಯಾಂಕು, ಅದರ ಮೇಲೆ ಕೆಂಪು ಬಣ್ಣದ ಪಟ್ಟಿ. ಗಾಳಿ ಇರುವಾಗಲೂ ಹೊಡೆಯಬೇಡ. ನಿನ್ನ ಪಕ್ಕದವನದು ಬದನೆ ಇದ್ದರೂ ಅಷ್ಟೇ, ಹತ್ತಿ ಇದ್ದರೂ ಅಷ್ಟೇ, ಬದುವಿನ ಜಗಳ ಮೂರು ತಲೆಮಾರು ಹೋಗುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿದೆ ಅಂತ ಇಟ್ಟುಕೋ. ಹುಲ್ಲು ಒಣಗಿತು. ಬದುವಿನ ಮೇಲೆ ನಿಂತು ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕುತ್ತೀ. ನಾನು ಇಷ್ಟು ಉದ್ದ ಬರೆದದ್ದು ಆಮೇಲಿನ ಮಾತಿಗಾಗಿ. ಸತ್ತ ಹುಲ್ಲನ್ನು ನೋಡಬೇಡ, ಉಳಿದ ಹುಲ್ಲನ್ನು ನೋಡು.

ಒಮ್ಮೆ ರೈತರ ಪ್ರವಾಸದಲ್ಲಿ ನಮ್ಮನ್ನು ಹರಿಯಾಣದ ಕರ್ನಾಲ್ ಕಡೆ ಕರೆದುಕೊಂಡು ಹೋಗಿದ್ದರು. ಗೋಧಿಯ ಸಮುದ್ರ ಅದು. ಅಲ್ಲಿ ಗೋಧಿಯನ್ನು ಹೋಲುವ ಒಂದು ಹುಲ್ಲಿದೆ, ಫಲಾರಿಸ್ ಮೈನರ್. ಅವರು ಗುಲ್ಲಿ ಡಂಡಾ, ಮಂಡೂಸಿ ಅನ್ನುತ್ತಾರೆ. ನಮ್ಮ ಭತ್ತಕ್ಕೆ ಕಿವಿ ಗುರುತಾದರೆ ಅವರಿಗೆ ಬುಡದ ಬಣ್ಣ ಗುರುತು. ಸಸಿ ಕಿತ್ತು ಬುಡ ನೋಡಿದರೆ ಗುಲ್ಲಿ ಡಂಡಾದ್ದು ಕೆಂಪಗಿರುತ್ತದೆ. ಅದಕ್ಕೆ ಅವರು ಐಸೊಪ್ರೊಟ್ಯುರಾನ್ ಎಂಬ ಒಂದೇ ಮದ್ದನ್ನು ಹತ್ತು ಹದಿನೈದು ವರ್ಷ ಹೊಡೆದರು. ಅಗ್ಗ, ಸುಲಭ, ಮರಳಲ್ಲಿ ಕಲಸಿ ಎರಚಿದರೂ ಆಗುತ್ತಿತ್ತು. ಕೆಲವರು ಕಡಿಮೆ ಹಾಕಿದರು, ಕೆಲವರು ತಡವಾಗಿ ಹಾಕಿದರು. ಭತ್ತ, ಗೋಧಿ, ಮತ್ತೆ ಭತ್ತ, ಗೋಧಿ, ನಡುವೆ ಬೇರೆ ಬೆಳೆಯಿಲ್ಲ. ಪ್ರತಿ ವರ್ಷ ಸಾವಿರಕ್ಕೆ ಒಂದೋ ಎರಡೋ ಹುಲ್ಲು ಬದುಕಿ ಉಳಿಯಿತು, ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಅದು ಬೀಜ ಬಿಟ್ಟಿತು. 1990ರ ದಶಕದ ಆರಂಭಕ್ಕೆ ಹೊಲ ಹೊಲವೇ ಮದ್ದಿಗೆ ಬಗ್ಗದ ಹುಲ್ಲು. ಹಿಸಾರ್ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪರೀಕ್ಷೆ ಮಾಡಿ, ಹುಲ್ಲಿಗೆ ನಿರೋಧ ಬಂದಿದೆ ಅಂದರು. ಹಲವರು ತೆನೆ ಕಟ್ಟುವ ಗೋಧಿಯನ್ನು ದನದ ಮೇವಿಗೆ ಕೊಯ್ದರು. ಅನ್ನದ ಕಣಜ ಅನ್ನಿಸಿಕೊಂಡ ನಾಡಿನಲ್ಲಿ!

ಅದಕ್ಕಿಂತ ಸೋಜಿಗ ಒಂದಿದೆ. ಐಸೊಪ್ರೊಟ್ಯುರಾನ್ ಗೋಧಿಯನ್ನು ಯಾಕೆ ಕೊಲ್ಲುತ್ತಿರಲಿಲ್ಲ? ಗೋಧಿ ತನ್ನ ಮೈಯೊಳಗೆ ಆ ಮದ್ದನ್ನು ಬೇಗ ಅರಗಿಸಿಕೊಳ್ಳುತ್ತಿತ್ತು, ಅದಕ್ಕೆ. ಉಳಿದ ಹುಲ್ಲು ಪೀಳಿಗೆಯಿಂದ ಪೀಳಿಗೆಗೆ ಅದೇ ವಿದ್ಯೆ ಕಲಿತುಬಿಟ್ಟಿತು, ಪಕ್ಕದಲ್ಲೇ ನಿಂತ ಗೋಧಿಯನ್ನು ನೋಡಿ ಕಲಿತ ಹಾಗೆ. ಆಮೇಲೆ ಕ್ಲೋಡಿನಾಫಾಪ್, ಫೆನಾಕ್ಸಾಪ್ರಾಪ್, ಸಲ್ಫೋಸಲ್ಫ್ಯುರಾನ್ ಬಂದವು. ಕೆಲವು ವರ್ಷ ನೆಮ್ಮದಿ. ನಂತರ ಎಷ್ಟೋ ಹೊಲಗಳಲ್ಲಿ ಅವುಗಳಿಗೂ ಹುಲ್ಲು ಜಗ್ಗದಾಯಿತು. ನಡುವೆ ಮೇವಿನ ಬೆಳೆಯನ್ನೋ ಕಬ್ಬನ್ನೋ ಸೂರ್ಯಕಾಂತಿಯನ್ನೋ ಹಾಕಿ ಹೊಲ ಬದಲಿಸುತ್ತಿದ್ದವರ ಕಷ್ಟ ಕಡಿಮೆ ಇತ್ತು ಅಂತ ಅಲ್ಲಿಯ ರೈತರೇ ಹೇಳಿದರು.

ನಮ್ಮ ಕಡೆ ನಾವು ಈಗ ಅದೇ ದಾರಿಯಲ್ಲಿದ್ದೇವೆ, ಡಬ್ಬದ ಬಣ್ಣ ಬೇರೆ. ಬಿಸ್ಪೈರಿಬ್ಯಾಕ್, ಪೆನಾಕ್ಸುಲಮ್, ಪೈರಜೋಸಲ್ಫ್ಯುರಾನ್, ಬೆನ್‌ಸಲ್ಫ್ಯುರಾನ್ — ಹೆಸರು ನಾಲ್ಕು, ಆದರೆ ನಾಲ್ಕೂ ಗಿಡದೊಳಗೆ ಹೊಡೆಯುವುದು ಒಂದೇ ಜಾಗಕ್ಕೆ. ಈ ಬೆಳೆಗೆ ಒಂದು, ಮುಂದಿನ ಬೆಳೆಗೆ ಇನ್ನೊಂದು ಹೊಡೆದು "ನಾನು ಮದ್ದು ಬದಲಿಸಿದೆ" ಅಂದರೆ ಅದು ಅಂಗಿ ಬದಲಿಸಿದ್ದು, ಮನುಷ್ಯನನ್ನಲ್ಲ. ಸೈಹಲೋಫಾಪ್, ಫೆನಾಕ್ಸಾಪ್ರಾಪ್ ಇನ್ನೊಂದು ಮನೆತನ, ಗಿಡ ಕೊಬ್ಬು ತಯಾರಿಸುವುದನ್ನು ತಡೆಯುತ್ತವೆ. ಪ್ರೆಟಿಲಾಕ್ಲೋರ್, ಬ್ಯೂಟಾಕ್ಲೋರ್ ಮೂರನೆಯದು. ಪೆಂಡಿಮೆಥಾಲಿನ್ ಮತ್ತೊಂದು. ಬದಲಿಸುವುದಾದರೆ ಮನೆತನ ಬದಲಿಸು. ಯಾವುದು ಯಾವ ಮನೆಗೆ ಸೇರಿದ್ದು ಅಂತ ಮರೆತರೆ ಕೃಷಿ ವಿಜ್ಞಾನ ಕೇಂದ್ರಕ್ಕೆ ಡಬ್ಬದ ಫೋಟೋ ತಗೊಂಡು ಹೋಗು, ಅಂಗಡಿಗಲ್ಲ.

ಉಳಿದ ಹುಲ್ಲು ಕೀಳು. ಎಕರೆಗೆ ಐವತ್ತು ಬುಡ ಉಳಿದಿದ್ದರೂ ಕೀಳು, ತೆನೆ ಬರುವ ಮುಂಚೆ. ಒಂದೊಂದು ಬುಡ ಸಾವಿರಾರು ಬೀಜ ಉದುರಿಸುತ್ತದೆ, ಅದೂ ನಿನ್ನ ಭತ್ತ ಕೊಯ್ಲಿಗೆ ಬರುವ ಮೊದಲೇ. ಇಬ್ಬರು ಆಳಿಗೆ ಅರ್ಧ ದಿನದ ಕೂಲಿ ಆಗಬಹುದು. ಎಣ್ಣೆಗೆ ಸಾವಿರಾರು ರೂಪಾಯಿ ಕೊಟ್ಟು ಅರ್ಧ ದಿನದ ಕೂಲಿಗೆ ಜಿಪುಣತನ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಎಣ್ಣೆಯ ಏಟು ತಡೆದುಕೊಂಡ ಹುಲ್ಲು ಅದು, ಅದರ ಮಕ್ಕಳನ್ನು ನೀನೇ ಸಾಕಿದ ಹಾಗಾಗುತ್ತದೆ. ಕಟಾವು ಮಿಷನ್ನು ಗದ್ದೆಗೆ ಇಳಿಯುವ ಮುಂಚೆ ಬದುವಿನ ಮೇಲೆಯೇ ನಿಲ್ಲಿಸಿ ಝಾಡಿಸಲು ಹೇಳು. ಗೊಣಗುತ್ತಾರೆ, ಗೊಣಗಲಿ. ಹತ್ತೂರ ಹುಲ್ಲಿನ ಬೀಜ ಅದರ ಹೊಟ್ಟೆಯಲ್ಲಿರುತ್ತದೆ. ಮುಂದಿನ ಬೆಳೆಗೆ ಒಮ್ಮೆ ನೀರು ಬಿಟ್ಟು, ಹುಲ್ಲು ಮೊಳೆಸಿ, ಕೆಸರಲ್ಲಿ ಹೊರಳಿಸಿ ಆಮೇಲೆ ಬಿತ್ತು. ಅದಕ್ಕೆ ಹದಿನೈದು ದಿನ ಬಿಡುವು ಸಿಕ್ಕರೆ ಯಾವ ಎಣ್ಣೆಗೂ ಕಡಿಮೆಯಲ್ಲದ ಕೆಲಸ ಅದು. ಗದ್ದೆಯ ಉಬ್ಬು ತಗ್ಗು ಸರಿಮಾಡು. ಉಬ್ಬಿದ ಕಡೆ ನೀರು ನಿಲ್ಲುವುದಿಲ್ಲ, ಹುಲ್ಲು ಮೊದಲು ಎದ್ದೇಳುವುದು ಅಲ್ಲೇ.

ಮೇಲಿನ ಹೊಲದ ಮೆಕ್ಕೆಜೋಳಕ್ಕೂ ಮುಂಗಾರಿಗೆ ಇದೇ ಪ್ರಶ್ನೆ ಕೇಳುತ್ತೀ, ಈಗಲೇ ಹೇಳಿಬಿಡುತ್ತೇನೆ. ಅಟ್ರಜಿನ್ ಅನ್ನು ಬಿತ್ತಿದ ಎರಡು ದಿನದೊಳಗೆ, ಮಣ್ಣು ಹಸಿ ಇರುವಾಗ ಹೊಡೆ. ಆದರೆ ನಡುವೆ ತೊಗರಿ ಸಾಲು ಇದ್ದರೆ ಅಟ್ರಜಿನ್ ಮುಟ್ಟಬೇಡ, ತೊಗರಿ ಸಾಯುತ್ತದೆ. ರಾಗಿ ಹಾಕುವುದಾದರೆ ಎಡೆಕುಂಟೆಯೇ ಮೊದಲ ಮದ್ದು. ರಾಗಿಯಲ್ಲಿ ಬರುವ ಒಂದು ಹುಲ್ಲು ರಾಗಿಯ ದಾಯಾದಿಯೇ, ಅದನ್ನು ಕೊಂದು ರಾಗಿಯನ್ನು ಉಳಿಸುವ ಮದ್ದು ಹುಡುಕುವುದು ಕಷ್ಟ.

ಮೈ ಕಡೆ ಜೋಪಾನ. ಡಬ್ಬದ ಮೇಲಿನ ತ್ರಿಕೋನದ ಬಣ್ಣ ನೋಡು: ಕೆಂಪು ಅತಿ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಅಂದರೆ ಕುಡಿಯುವ ನೀರಲ್ಲ. ನಾಜಲ್ಲು ಕಟ್ಟಿಕೊಂಡರೆ ಬಾಯಿಂದ ಊದಬೇಡ, ನಾವೆಲ್ಲ ಊದಿ ಊದಿ ಈ ಗತಿಗೆ ಬಂದವರು. ಕೈಗೆ ಗವಸು, ಮೈ ಮುಚ್ಚುವ ಅಂಗಿ. ಉಳಿದ ಎಣ್ಣೆಯನ್ನು ತಂಪುಪಾನೀಯದ ಬಾಟಲಿಗೆ ಹಾಕಿ ಮನೆಯಲ್ಲಿಡಬೇಡ, ಮಕ್ಕಳಿರುವ ಮನೆ. ಬದುವಿನ ಹುಲ್ಲಿಗೆ ಅಂತ ಪ್ಯಾರಾಕ್ವಾಟ್ ತರುತ್ತೇನೆ ಅಂತ ಹೋದಸಲ ಅಂದಿದ್ದೆ. ತರಬೇಡ. ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿಮದ್ದು ಇಲ್ಲ. ಬದುವಿಗೆ ಕುಡುಗೋಲು ಸಾಕು, ಎಮ್ಮೆಗೂ ಹುಲ್ಲಾಯಿತು.

ನಾಳೆ ಬೆಳಿಗ್ಗೆ ಬಿಸಿಲೇರುವ ಮುಂಚೆ ಗದ್ದೆಗೆ ಹೋಗು. ನಾಲ್ಕು ಮೂಲೆಯಿಂದ, ನಡುವಿನಿಂದ ಹುಲ್ಲು ಕಿತ್ತು ಕಿವಿ ನೋಡು, ಎಲೆ ಎಣಿಸು. ಒಂದು ಗುಂಟೆ ಅಳೆದು ಬರೀ ನೀರು ಹೊಡೆ. ಎಷ್ಟು ಲೀಟರ್ ಆಯಿತು, ತೂಬಿಗೆ ನೀರು ಯಾವತ್ತು ಬರುತ್ತದೆ, ಇವೆರಡನ್ನೂ ಚೀಟಿಯಲ್ಲಿ ಬರೆದುಕೊಂಡು ಫೋನ್ ಮಾಡು. ಎಣ್ಣೆಯ ಹೆಸರು ಆಗ ಹೇಳುತ್ತೇನೆ.